ಟೆಕ್ಸಸ್‌ನ ಮೂರು ಅಡ್ಮಿಟ್, ಒಂದು ಸಾಲದ ಲೆಕ್ಕ

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಹಾಸನದಲ್ಲಿ ಎಲೆಕ್ಟ್ರಾನಿಕ್ಸ್ ಬಿ.ಇ. ಮುಗಿಸಿದ್ದೀರಿ, ಈ ಫಾಲ್‌ಗೆ, ಅಂದರೆ ಆಗಸ್ಟಿನಲ್ಲಿ ಶುರುವಾಗುವ ಸೆಮಿಸ್ಟರಿಗೆ, ಎಂ.ಎಸ್. ಮಾಡಲು ಟೆಕ್ಸಸ್‌ಗೆ ಬರಬೇಕೆಂದಿದ್ದೀರಿ. ಅಡ್ಮಿಟ್ ಮೂರು: ಯುಟಿ (ಯೂನಿವರ್ಸಿಟಿ ಆಫ್ ಟೆಕ್ಸಸ್) ಡಲ್ಲಾಸ್, ಯೂನಿವರ್ಸಿಟಿ ಆಫ್ ಹ್ಯೂಸ್ಟನ್, ಲಬ್ಬಕ್‌ನ ಟೆಕ್ಸಸ್ ಟೆಕ್. ಕೊನೆಯದರ ಜೊತೆ ಎರಡು ಸಾವಿರ ಡಾಲರಿನ ಸ್ಕಾಲರ್‌ಶಿಪ್ ಪತ್ರವೂ ಬಂದಿದೆ. ಇಷ್ಟು ಸಾಲದೆಂದು ನಿಮ್ಮ ಕನ್ಸಲ್ಟೆನ್ಸಿಯವರು ನಾಲ್ಕನೆಯದೊಂದನ್ನು ಹಿಡಿದುಕೊಂಡು ಬಂದಿದ್ದಾರೆ, "ಜಿಆರ್‌ಇ ಪರೀಕ್ಷೆ ಬೇಡ, ಹೋದ ದಿನದಿಂದಲೇ ಕೆಲಸ ಮಾಡಬಹುದು" ಅಂತ. ಇದರಲ್ಲಿ ಯಾವುದರ ರ‍್ಯಾಂಕ್ ಮೇಲಿದೆ ಅನ್ನುವುದು ನಿಮ್ಮ ಪ್ರಶ್ನೆ.

ರ‍್ಯಾಂಕ್ ಆಮೇಲೆ ನೋಡೋಣ. ಮೊದಲು ನನ್ನದೊಂದು ಪ್ರಶ್ನೆ. ಎಂ.ಎಸ್. ಮುಗಿಯಿತು, ಇಲ್ಲಿ ಕೆಲಸ ಸಿಗಲಿಲ್ಲ, ವಾಪಸ್ ಬಂದು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದಿರಿ ಅಂದುಕೊಳ್ಳಿ. ಆ ಸಂಬಳದಲ್ಲಿ ಲೋನಿನ ಇಎಂಐ ಕಟ್ಟಲು ಆಗುತ್ತದೆಯೇ? ಆಗುತ್ತದೆ ಅನ್ನುವಂಥವನ್ನು ಮಾತ್ರ ಪಟ್ಟಿಯಲ್ಲಿ ಉಳಿಸಿಕೊಳ್ಳಿ. ರ‍್ಯಾಂಕ್ ನೋಡುವುದಿದ್ದರೆ ಅದರೊಳಗೆ ನೋಡಿ.

ಹೊರಡುವ ಹೊತ್ತಿಗೆ ಅಪಶಕುನ ನುಡಿದ ಅಂದುಕೊಳ್ಳಬೇಡಿ, ಇದು ನಾನೇ ಅನುಭವಿಸಿದ ಮಾತು. ನಾನು ದಾವಣಗೆರೆಯವನು, 2007ರ ಆಗಸ್ಟಿನಲ್ಲಿ ಯುಟಿ ಆರ್ಲಿಂಗ್ಟನ್‌ಗೆ ಬಂದೆ. ಡಾಲರಿಗೆ ಆಗ 40 ರೂಪಾಯಿ ಆಸುಪಾಸು. ಈಗ ಅದರ ದುಪ್ಪಟ್ಟನ್ನೂ ದಾಟಿದೆ. ನನಗೆ ಬೇರೆ ರಾಜ್ಯದ ಹೆಸರುವಾಸಿ ಖಾಸಗಿ ಯೂನಿವರ್ಸಿಟಿಯೊಂದರಿಂದಲೂ ಅಡ್ಮಿಟ್ ಇತ್ತು. ಅಪ್ಪ ಬ್ಯಾಂಕಿನಿಂದ ಬಂದವರೇ, ಮನೆಪತ್ರ ಇಟ್ಟರೆ ಕೊಡೋದು ಇಷ್ಟೇ ಅಂತೆ ಎಂದು ಒಂದು ಚೀಟಿ ಮುಂದಿಟ್ಟರು. ಅಷ್ಟಕ್ಕೆ ಆರ್ಲಿಂಗ್ಟನ್ ಮಾತ್ರ ದಕ್ಕುತ್ತಿತ್ತು. ವಿಮಾನ ಹತ್ತುವವರೆಗೂ ಮುಖ ಊದಿಸಿಕೊಂಡೇ ಇದ್ದೆ.

2009ರ ಮೇ ತಿಂಗಳಲ್ಲಿ ಪದವಿ ಕೈಗೆ ಬಂತು, ಅಮೆರಿಕದ ಮಾರುಕಟ್ಟೆ ಮಕಾಡೆ ಮಲಗಿತ್ತು. ಓದಿದ ಮೇಲೆ ಕೆಲಸ ಮಾಡಲು ಕೊಡುವ ಒಪಿಟಿ ಇದೆಯಲ್ಲ, ಅದರಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಕೂರುವಂತಿಲ್ಲ ಅನ್ನುವ ನಿಯಮ ಹಿಂದಿನ ವರ್ಷವಷ್ಟೇ ಬಂದಿತ್ತು. ಪ್ರೊಫೆಸರ್ ಒಬ್ಬರ ಲ್ಯಾಬಿನಲ್ಲಿ ವಾರಕ್ಕೆ 20 ಗಂಟೆಗೂ ಮೇಲೆ ಪುಕ್ಕಟೆ ದುಡಿದು ದಿನ ಉಳಿಸಿಕೊಂಡೆ. ಓದಿದ ವಿಷಯಕ್ಕೆ ಸಂಬಂಧಪಟ್ಟ ಕೆಲಸವಾದರೆ ಹಾಗೆ ಮಾಡಲು ಅವಕಾಶವಿದೆ. ನವೆಂಬರಿನಲ್ಲಿ ಡಲ್ಲಾಸ್ ಪಕ್ಕದ ಪ್ಲೇನೋದ ಸಣ್ಣ ಕಂಪನಿಯೊಂದು ಕರೆಯಿತು. ಅಲ್ಲಿಯವರೆಗೆ ದಾವಣಗೆರೆಯಲ್ಲಿ ಅಪ್ಪ ಪೆನ್ಷನ್‌ನಲ್ಲಿ ಕಂತು ಕಟ್ಟಿದರು. ಪೆನ್ಷನ್‌ನಲ್ಲಿ ಕಟ್ಟುವಷ್ಟು ಚಿಕ್ಕ ಸಾಲವಾಗಿತ್ತು ಅನ್ನುವುದನ್ನು ಗಮನಿಸಿ. ನನ್ನ ಮೂರರಷ್ಟು ಸಾಲ ಮಾಡಿ ದೊಡ್ಡ ಹೆಸರಿನ ಕಡೆ ಹೋಗಿದ್ದ ಹುಬ್ಬಳ್ಳಿ ಗೆಳೆಯ ಅದೇ ಬೇಸಿಗೆ ಊರಿಗೆ ಮರಳಿದ. ನನಗಿಂತ ಬುದ್ಧಿವಂತ. ಈಗ ಚೆನ್ನಾಗಿಯೇ ಇದ್ದಾನೆ, ಆದರೆ ಆ ಸಾಲ ತೀರುವ ಹೊತ್ತಿಗೆ ಅವನ ಮಗಳು ಸ್ಕೂಲಿಗೆ ಹೋಗುತ್ತಿದ್ದಳು.

ಈಗ ಟೆಕ್ಸಸ್‌ನ ವಿಶೇಷಕ್ಕೆ ಬರುತ್ತೇನೆ. ಇಲ್ಲಿನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಎರಡು ದರ: ರಾಜ್ಯದ ಮಕ್ಕಳಿಗೊಂದು, ಹೊರಗಿನವರಿಗೊಂದು. ಮಾಸ್ಟರ್ಸ್‌ನಲ್ಲಿ ಇವೆರಡರ ನಡುವಿನ ಅಂತರ ಒಂದು ಕ್ರೆಡಿಟ್‌ಗೆ ಸುಮಾರು 400 ಡಾಲರಿಗೂ ಮೇಲೆ. ಎಂ.ಎಸ್. ಅಂದರೆ 30 ಕ್ರೆಡಿಟ್ ಹಿಡಿಯಿರಿ, 12 ಸಾವಿರ ಡಾಲರ್ ಮೀರಿತು. ಆದರೆ ಟೆಕ್ಸಸ್ ಕಾನೂನಿನಲ್ಲಿ ಒಂದು ಕಿಂಡಿ ಇದೆ. ಸ್ಪರ್ಧೆಯ ಮೇಲೆ ಕೊಡುವ, ಕನಿಷ್ಠ 1,000 ಡಾಲರಿನ ಸ್ಕಾಲರ್‌ಶಿಪ್ ಯೂನಿವರ್ಸಿಟಿಯಿಂದ ಸಿಕ್ಕರೆ, ವಿದೇಶಿ ವಿದ್ಯಾರ್ಥಿಗೂ ರಾಜ್ಯದವರ ದರವನ್ನೇ ಹಾಕಬಹುದು. ಹಾಗಾಗಿ ನೀವು ಒಂದೇ ಸಾಲಿನಲ್ಲಿ ಬರೆದು ಬಿಟ್ಟ ಆ ಎರಡು ಸಾವಿರ, ಎರಡೇ ಸಾವಿರ ಅಲ್ಲ. ಅದರ ಬಾಲ ಉದ್ದ.

ಹಾಗಂತ ಕಣ್ಣುಮುಚ್ಚಿ ನಂಬಬೇಡಿ. ಈ ರಿಯಾಯಿತಿ ಒಂದು ಸಲಕ್ಕೆ 12 ತಿಂಗಳಿಗಿಂತ ಹೆಚ್ಚು ನಡೆಯುವುದಿಲ್ಲ, ಎರಡನೇ ವರ್ಷ ಮತ್ತೆ ಸ್ಕಾಲರ್‌ಶಿಪ್ ಸಿಗಬೇಕು. ಒಂದು ಯೂನಿವರ್ಸಿಟಿ ಒಟ್ಟು ವಿದ್ಯಾರ್ಥಿಗಳಲ್ಲಿ ಶೇಕಡಾ 5ಕ್ಕಿಂತ ಹೆಚ್ಚು ಮಂದಿಗೆ ಇದನ್ನು ಕೊಡುವಂತಿಲ್ಲ. ಆದ್ದರಿಂದ ಇವತ್ತೇ ಟೆಕ್ಸಸ್ ಟೆಕ್ ವಿಭಾಗದ ಗ್ರಾಜುಯೇಟ್ ಅಡ್ವೈಸರ್‌ಗೆ ಮೂರು ಸಾಲಿನ ಇ-ಮೇಲ್ ಹಾಕಿ: ಇದು ಕಾಂಪಿಟಿಟಿವ್ ಸ್ಕಾಲರ್‌ಶಿಪ್ಪೇ? ಇದರಿಂದ ನನಗೆ ರಾಜ್ಯದ ದರ ಬರುತ್ತದೆಯೇ? ಎರಡನೇ ವರ್ಷಕ್ಕೆ ಎಷ್ಟು ಜಿಪಿಎ ಬೇಕು? ಉತ್ತರ ಬರಹದಲ್ಲೇ ಇರಲಿ. ಅಂಥದೇ ಇ-ಮೇಲ್ ಡಲ್ಲಾಸ್‌ಗೂ ಹ್ಯೂಸ್ಟನ್‌ಗೂ ಕಳಿಸಿ, "ಇನ್ನೂ ಸ್ಕಾಲರ್‌ಶಿಪ್‌ಗೆ ಪರಿಗಣಿಸುತ್ತೀರಾ" ಅಂತ. ಕೇಳಲು ನಾಚಿಕೊಳ್ಳುವುದು ನಮ್ಮ ಕಡೆಯವರ ರೋಗ, ಇಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ. ಓದುವ ವಿಷಯದಲ್ಲೇ ಅರ್ಧಾವಧಿಯ ಟಿಎ (ಪಾಠಕ್ಕೆ ಸಹಾಯಕ), ಆರ್‌ಎ (ಸಂಶೋಧನೆಗೆ ಸಹಾಯಕ) ಕೆಲಸ ಸಿಕ್ಕರೂ ರಾಜ್ಯದ ದರವೇ. ಆದರೆ ಮೊದಲ ಸೆಮಿಸ್ಟರಿನಲ್ಲೇ ಸಿಗುತ್ತದೆಂದು ಲೋನ್ ಕಡಿಮೆ ತೆಗೆದುಕೊಳ್ಳಬೇಡಿ.

ನಾಲ್ಕನೆಯದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ: ಬೇಡ. ಬಹಳಷ್ಟು ಕನ್ಸಲ್ಟೆನ್ಸಿಗಳಿಗೆ ಹುಡುಗರನ್ನು ಕಳಿಸಿದ್ದಕ್ಕೆ ಯೂನಿವರ್ಸಿಟಿಯಿಂದಲೇ ಕಮಿಷನ್ ಬರುತ್ತದೆ. ಅವರು ಹೇಳುವ ಮೊದಲ ದಿನದ ಕೆಲಸ ಅಂದರೆ ಸಿಪಿಟಿ, ಓದುವ ಕಾಲದಲ್ಲೇ ಹೊರಗೆ ಕೆಲಸ ಮಾಡುವ ಅನುಮತಿ. ಅದನ್ನು ಪೂರ್ಣಾವಧಿಯಾಗಿ 12 ತಿಂಗಳು ಬಳಸಿದರೆ, ಆ ಪದವಿಗೆ ಒಪಿಟಿ ಇಲ್ಲ. ಇಲ್ಲಿ ಕೆಲಸಕ್ಕೆ ಬೇಕಾದ ಎಚ್-1ಬಿ ವೀಸಾದ ಲಾಟರಿಯಲ್ಲಿ 65 ಸಾವಿರದ ಮೇಲೆ ಇಲ್ಲಿನ ಮಾಸ್ಟರ್ಸ್ ಓದಿದವರಿಗೆಂದೇ 20 ಸಾವಿರ ಜಾಗ ಇವೆಯಲ್ಲ, ಅದಕ್ಕೆ ಸರ್ಕಾರಿ ಅಥವಾ ಲಾಭಕ್ಕಲ್ಲದ, ಮಾನ್ಯತೆ ಇರುವ ಸಂಸ್ಥೆಯ ಪದವಿಯೇ ಆಗಬೇಕು. ಲಾಭಕ್ಕಾಗಿ ನಡೆಸುವ ಕಾಲೇಜಿನ ಮಾಸ್ಟರ್ಸ್ ಅಲ್ಲಿ ಲೆಕ್ಕಕ್ಕಿಲ್ಲ. ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಬಹುದಾದ ಕಾಲೇಜುಗಳ ಸರ್ಕಾರಿ ಪಟ್ಟಿಯಲ್ಲಿ ಹೆಸರಿದೆ ಅಂತ ಅವರು ಹೇಳಬಹುದು. ಮಿಶಿಗನ್‌ನ ಫಾರ್ಮಿಂಗ್ಟನ್ ಯೂನಿವರ್ಸಿಟಿಯ ಹೆಸರೂ ಪಟ್ಟಿಯಲ್ಲಿತ್ತು. ಅಲ್ಲಿ ಪಾಠವೂ ಇರಲಿಲ್ಲ, ಮೇಷ್ಟ್ರೂ ಇರಲಿಲ್ಲ. ವಲಸೆ ಇಲಾಖೆಯವರೇ ಒಡ್ಡಿದ ಬಲೆ ಅದು. 2019ರಲ್ಲಿ ಬಲೆ ಎಳೆದಾಗ ಮೊದಲ ಸುತ್ತಿನಲ್ಲೇ ಸಿಕ್ಕಿಬಿದ್ದ ನೂರಕ್ಕೂ ಹೆಚ್ಚು ಮಂದಿಯಲ್ಲಿ ಹೆಚ್ಚುಕಡಿಮೆ ಎಲ್ಲರೂ ನಮ್ಮ ದೇಶದವರು.

ಇನ್ನು ಊರುಗಳು. ನಾನಿರುವುದು ರಿಚರ್ಡ್‌ಸನ್‌ನಲ್ಲಿ, ಯುಟಿ ಡಲ್ಲಾಸ್ ನನ್ನ ಮನೆಯಿಂದ ಹತ್ತು ನಿಮಿಷ. ಹಾಗಾಗಿ ನಾನು ಅದನ್ನು ಹೊಗಳಿದರೆ ಸ್ವಲ್ಪ ಕಳೆದು ಓದಿಕೊಳ್ಳಿ. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕಟ್ಟಿದವರು ತಮ್ಮ ಕಂಪನಿಗೆ ಬೇಕಾದ ಎಂಜಿನಿಯರುಗಳು ಈ ಸುತ್ತಮುತ್ತ ಸಿಗುತ್ತಿಲ್ಲವೆಂದು 1961ರಲ್ಲಿ ಆರಂಭಿಸಿದ ಸಂಶೋಧನಾ ಕೇಂದ್ರವೇ 1969ರಲ್ಲಿ ಯುಟಿ ಡಲ್ಲಾಸ್ ಆಯಿತು. ಜಾಕ್ ಕಿಲ್ಬಿ 1958ರಲ್ಲಿ ಮೊದಲ ಐಸಿ (ಚಿಪ್) ಮಾಡಿದ್ದು ಇಲ್ಲೇ, ಅದೇ ಕಂಪನಿಯಲ್ಲಿ. ಬೆಂಗಳೂರಿಗೆ 1985ರಲ್ಲಿ ಬಂದು ಚಿಪ್ ಡಿಸೈನ್ ಶುರುಮಾಡಿದ್ದೂ ಅವರೇ, ನಿಮ್ಮ ಮೇಷ್ಟ್ರುಗಳಿಗೆ ಗೊತ್ತಿರುತ್ತದೆ. ಚಿಪ್, ವಿಎಲ್‌ಎಸ್‌ಐ (ಚಿಪ್ ಡಿಸೈನ್) ಅಂತಿದ್ದರೆ ಈ ನೆರೆಹೊರೆಗೆ ಬೆಲೆ ಇದೆ. ಕನ್ನಡದವರೂ ಇಲ್ಲಿ ದಂಡಿಯಾಗಿ ಇದ್ದಾರೆ. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ಅಕ್ಕದ 2018ರ ಸಮ್ಮೇಳನ ನಡೆದದ್ದು ಡಲ್ಲಾಸ್‌ನಲ್ಲೇ. ಆದರೆ ಕನ್ನಡದವರು, ತೆಲುಗಿನವರು ಎಲ್ಲರೂ ಇಲ್ಲಿಗೇ ಬರುವುದರಿಂದ ಕ್ಯಾಂಪಸ್ಸಿನ ಒಂದು ಲೈಬ್ರರಿ ಕೆಲಸಕ್ಕೂ ಸಾಲು ಉದ್ದ.

ಹ್ಯೂಸ್ಟನ್ ದೊಡ್ಡ ಊರು, ಎಣ್ಣೆ ಮತ್ತು ಆಸ್ಪತ್ರೆಗಳ ಊರು. ಗಾಳಿಯಲ್ಲಿ ಮಂಗಳೂರಿನ ಮೇ ತಿಂಗಳು, ಜೊತೆಗೆ ಚಂಡಮಾರುತ. ಪೆಟ್ರೋಲಿಯಂ, ಕೆಮಿಕಲ್ ಓದುವವರಾಗಿದ್ದರೆ ಕಣ್ಣುಮುಚ್ಚಿ ಹೋಗಿ ಅನ್ನುತ್ತಿದ್ದೆ. ನಿಮ್ಮ ವಿಷಯಕ್ಕೆ, ಸ್ಕಾಲರ್‌ಶಿಪ್ ಇಲ್ಲದೆ, ನನಗೆ ಕಾರಣ ಕಾಣುತ್ತಿಲ್ಲ.

ಲಬ್ಬಕ್ ದೂರ. ಡಲ್ಲಾಸ್‌ನಿಂದ ಕಾರಿನಲ್ಲಿ ಐದು ಗಂಟೆ, ಅಂತರ ಬೆಂಗಳೂರಿಂದ ಬೆಳಗಾವಿಗಿಂತಲೂ ಹೆಚ್ಚು. ದೂರದ ಬೆಟ್ಟ ನುಣ್ಣಗೆ ಅನ್ನಲು ಅಲ್ಲಿ ಬೆಟ್ಟವೂ ಇಲ್ಲ, ಕಣ್ಣು ಹಾಯಿಸಿದಷ್ಟೂ ಹತ್ತಿ ಹೊಲ, ವಸಂತದಲ್ಲಿ ಕೆಂಪು ಧೂಳು. ಹತ್ತಿ ಮಿಲ್ಲಿನ ಊರಿನಲ್ಲಿ ಬೆಳೆದ ನನಗೆ ಮೊದಲ ಸಲ ಹೋದಾಗ ವಿಚಿತ್ರವಾಗಿ ಮನೆ ನೆನಪಾಯಿತು. ಬಾಡಿಗೆ ಡಲ್ಲಾಸ್‌ಗಿಂತ ಸೋವಿ, ಕ್ಯಾಂಪಸ್ಸಿನ ಸುತ್ತಲೇ ಊರು, ಕಾರಿಲ್ಲದೆಯೂ ವರ್ಷ ಕಳೆಯಬಹುದು. ಡಲ್ಲಾಸ್ ಪ್ರಾಂತ್ಯದಲ್ಲಿ ಅದು ಕಷ್ಟ. ರೈಲಿದೆ, ಬಸ್ಸಿದೆ, ಆದರೆ ಜೂನ್ ಬಿಸಿಲಲ್ಲಿ ಸ್ಟಾಪಿನಿಂದ ಅಂಗಡಿಗೆ ನಡೆದು ನೋಡಿ. ನೀವು ವಿಎಲ್‌ಎಸ್‌ಐ ಅಥವಾ ಪವರ್ ಎಲೆಕ್ಟ್ರಾನಿಕ್ಸ್ ಎಂದು ಬರೆದಿದ್ದೀರಿ. ಎರಡನೆಯದಾದರೆ ಟೆಕ್ಸಸ್ ಟೆಕ್‌ನಲ್ಲಿ ಪಲ್ಸ್ಡ್ ಪವರ್ ಮತ್ತು ಪವರ್ ಎಲೆಕ್ಟ್ರಾನಿಕ್ಸ್‌ಗೆಂದೇ ಹೆಸರು ಮಾಡಿದ ಲ್ಯಾಬ್ ಇದೆ.

(ಆಸ್ಟಿನ್ ಬಗ್ಗೆ ನೀವು ಕೇಳಿಲ್ಲ, ಆದರೂ ಹಾಸನದವರಿಗೆ ಹೇಳದೆ ಇರಲಾರೆ. ನಿಮ್ಮ ಊರಲ್ಲೇ ಹುಟ್ಟಿದ ಇಂಗ್ಲಿಷ್ ಕಾದಂಬರಿಕಾರ ರಾಜಾ ರಾವ್ 1966ರಿಂದ ಆಸ್ಟಿನ್‌ನ ಯೂನಿವರ್ಸಿಟಿಯಲ್ಲಿ ತತ್ವಶಾಸ್ತ್ರ ಕಲಿಸಿದವರು. 2006ರಲ್ಲಿ ತೀರಿಕೊಂಡದ್ದೂ ಆ ಊರಲ್ಲೇ.)

ನನ್ನ ಮಾತು ಕೇಳುವುದಾದರೆ, ರಾಜ್ಯದ ದರ ಬರುತ್ತದೆಂದು ಬರಹದಲ್ಲಿ ಉತ್ತರ ಬಂದರೆ ಲಬ್ಬಕ್. ಬರದಿದ್ದರೆ ಮತ್ತು ಚಿಪ್ ಡಿಸೈನೇ ಬೇಕೆಂದು ಮನಸ್ಸು ಗಟ್ಟಿ ಇದ್ದರೆ ಡಲ್ಲಾಸ್, ಅದೂ ಮೇಲಿನ ಇಎಂಐ ಪ್ರಶ್ನೆಗೆ ಹೌದು ಎಂದರೆ ಮಾತ್ರ. ತೀರ್ಮಾನಕ್ಕೆ ಮೊದಲು ಒಂದು ಸಂಜೆ ಲಿಂಕ್ಡ್‌ಇನ್‌ನಲ್ಲಿ ಕೂತು, ಆಯಾ ವಿಭಾಗದಿಂದ ಎರಡು ವರ್ಷದ ಹಿಂದೆ ಎಂ.ಎಸ್. ಮುಗಿಸಿದ ಭಾರತದ ಹುಡುಗರು ಈಗ ಎಲ್ಲಿದ್ದಾರೆ ನೋಡಿ. ಹೋದ ಫಾಲ್‌ನಲ್ಲಿ ನಿಮಗೆ ಬೇಕಾದ ಕೋರ್ಸ್ ನಿಜಕ್ಕೂ ನಡೆಯಿತೇ ಅಂತಲೂ ನೋಡಿ. ಕ್ಯಾಟಲಾಗಿನಲ್ಲಿ ಇರುವುದೆಲ್ಲ ತರಗತಿಯಲ್ಲಿ ಇರುವುದಿಲ್ಲ.

ಖರ್ಚಿನ ವಿಷಯಕ್ಕೆ ಐ-20ಯಲ್ಲಿ, ಅಂದರೆ ವೀಸಾಕ್ಕೆಂದು ಯೂನಿವರ್ಸಿಟಿ ಕೊಡುವ ಪತ್ರದಲ್ಲಿ, ಬರೆದ ಮೊತ್ತವೇ ಆಧಾರ, ಅದರ ಮೇಲೆ ವಿಮಾನದ ಟಿಕೆಟ್, ಬಾಡಿಗೆಯ ಡಿಪಾಸಿಟ್, ಲ್ಯಾಪ್‌ಟಾಪ್ ಸೇರಿಸಿ. ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಟೆಕ್ಸಸ್‌ನ ಕನಿಷ್ಠ ಕೂಲಿ ಇವತ್ತಿಗೂ ಗಂಟೆಗೆ 7.25 ಡಾಲರ್, ಕೇಂದ್ರದ್ದೇ ದರ. ಅಡುಗೆ ಖರ್ಚು ಬರುತ್ತದೆ, ಫೀ ಬರುವುದಿಲ್ಲ. ಹೊರಗಿನ ಪೆಟ್ರೋಲ್ ಬಂಕಿನಲ್ಲಿ ಕೈಗೆ ನಗದು ಕೊಡುತ್ತೇನೆಂದು ಯಾರಾದರೂ ಕರೆದರೆ, ನಮ್ಮವರೇ ಆದರೂ, ಹೋಗಬೇಡಿ. ಸಿಕ್ಕಿಬಿದ್ದರೆ ಹೋಗುವುದು ನಿಮ್ಮ ಎಫ್-1 ವಿದ್ಯಾರ್ಥಿ ವೀಸಾ, ಅವರದ್ದೇನೂ ಅಲ್ಲ.

ಓದಿದ ಮೇಲೆ ನಿಮಗೆ 12 ತಿಂಗಳ ಒಪಿಟಿ, ಎಂಜಿನಿಯರಿಂಗ್ ಆದ್ದರಿಂದ ಅದರ ಮೇಲೆ 24 ತಿಂಗಳು. ನನ್ನ ಕಾಲದಲ್ಲಿ ಆ ವಿಸ್ತರಣೆ 17 ತಿಂಗಳಿತ್ತು, 2016ರಲ್ಲಿ 24 ಆಯಿತು. ಅಂದರೆ ನಿಯಮ ಎರಡೂ ಕಡೆ ಹೊರಳಬಹುದು. 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಎಂಬ ಆದೇಶ ಬಂತು. ಇಲ್ಲೇ ಇದ್ದು ಎಫ್-1ನಿಂದ ಬದಲಾಗುವವರಿಗೆ ಅದು ಅನ್ವಯಿಸುವುದಿಲ್ಲ ಎಂದು ಆಮೇಲೆ ತಿಳಿಸಿದರೂ, ಆ ವಾರ ಇಲ್ಲಿ ಎಷ್ಟು ಮನೆಗಳಲ್ಲಿ ನಿದ್ದೆ ಕೆಟ್ಟಿತು ಅನ್ನುವುದು ನನಗೆ ಗೊತ್ತು. ಇದಕ್ಕೇ ನಾನು ಇಎಂಐ ಪ್ರಶ್ನೆಯನ್ನು ಮೊದಲಿಗಿಟ್ಟದ್ದು.

ವೀಸಾ ಸಂದರ್ಶನಕ್ಕೆ "ಯಾಕೆ ಈ ಯೂನಿವರ್ಸಿಟಿ" ಎಂಬ ಪ್ರಶ್ನೆ ಬಂದೇ ಬರುತ್ತದೆ ಅಂದುಕೊಂಡು ಹೋಗಿ. ಕನ್ಸಲ್ಟೆನ್ಸಿ ಬಾಯಿಪಾಠ ಮಾಡಿಸಿದ ಉತ್ತರ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. "ನನ್ನ ವಿಷಯದ ಲ್ಯಾಬ್ ಇದೆ, ಸ್ಕಾಲರ್‌ಶಿಪ್ ಇದೆ, ಇಷ್ಟು ಖರ್ಚು, ಇಷ್ಟು ಲೋನ್" ಎಂದು ನಿಮ್ಮದೇ ಇಂಗ್ಲಿಷಿನಲ್ಲಿ ಹೇಳಿದರೆ ಸಾಕು. ವಯಸ್ಸು 22 ತುಂಬಿಲ್ಲದಿದ್ದರೆ ಮೆನಿಂಜೈಟಿಸ್ ಲಸಿಕೆ ಊರಲ್ಲೇ ಹಾಕಿಸಿಕೊಳ್ಳಿ. ಟೆಕ್ಸಸ್‌ನಲ್ಲಿ ಅದು ಕಾನೂನು, ತರಗತಿ ಶುರುವಾಗುವ 10 ದಿನ ಮೊದಲೇ ಆಗಿರಬೇಕು.

ಲಬ್ಬಕ್ ಆದರೆ ಹೆಚ್ಚಿನಂಶ ಡಲ್ಲಾಸ್‌ನಲ್ಲೇ ವಿಮಾನ ಬದಲಿಸುತ್ತೀರಿ. ಇಮಿಗ್ರೇಷನ್ ಸಾಲು ಉದ್ದ ಇರುತ್ತದೆ, ನಡುವೆ ಕನಿಷ್ಠ ನಾಲ್ಕು ಗಂಟೆ ಇರುವಂಥ ಟಿಕೆಟ್ ಹಿಡಿಯಿರಿ. ಐ-20 ಕೈಚೀಲದಲ್ಲೇ ಇರಲಿ. ನಾನು ಅದನ್ನು ಜೋಪಾನವೆಂದು ಸೂಟ್‌ಕೇಸಿನ ತಳದಲ್ಲಿ, ಅಮ್ಮನ ಚಟ್ನಿಪುಡಿ ಡಬ್ಬದ ಕೆಳಗೆ ಇಟ್ಟುಬಿಟ್ಟಿದ್ದೆ.