ಮೈದಾನದ ಮಾತು: ಶಂಕುಸ್ಥಾಪನೆ ಆಯ್ತು, ಕೋಚ್ ಎಲ್ಲಿ?

(ಕೊಡಗಿನ ಸರ್ಕಾರಿ ಶಾಲೆಗಳಲ್ಲಿ ಪಿ.ಟಿ. ಟೀಚರ್ ಆಗಿದ್ದು ನಿವೃತ್ತರಾದ ನಮ್ಮ ಅಂಕಣಗಾರ್ತಿ ಓದುಗರ ಪತ್ರಗಳಿಗೆ ಉತ್ತರಿಸುತ್ತಾರೆ.)

ಟೀಚರ್, ಕೊಡಗಿನಿಂದ ಇಷ್ಟೊಂದು ಹಾಕಿ ಆಟಗಾರರು ಬಂದದ್ದು ಸರ್ಕಾರವನ್ನು ನಂಬಿಕೊಂಡಲ್ಲ. ನಮ್ಮ ಒಕ್ಕಗಳೇ (ಕೊಡವ ಮನೆತನಗಳೇ) ಆಟ ಬೆಳೆಸಿವೆ. ಕ್ರೀಡಾ ನೀತಿ, ಇಲಾಖೆ ಅಂತ ನಾವ್ಯಾಕೆ ತಲೆ ಕೆಡಿಸಿಕೊಳ್ಳಬೇಕು?
— ಓದುಗರು, ನಾಪೋಕ್ಲು

ಅರ್ಧ ಒಪ್ಪುತ್ತೇನೆ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಕೌಟುಂಬಿಕ ಹಾಕಿ ಶುರು ಮಾಡಿದಾಗ ಬಂದದ್ದು 60 ತಂಡ. 2024ರಲ್ಲಿ ನಿಮ್ಮ ನಾಪೋಕ್ಲಿನಲ್ಲೇ ಕುಂಡ್ಯೋಳಂಡ ಒಕ್ಕ ನಡೆಸಿದಾಗ 360. ಗಿನ್ನೆಸ್ ದಾಖಲೆಯೂ ಆಯ್ತು. ಅತ್ತೆ, ಸೊಸೆ, ಮೊಮ್ಮಗ ಒಂದೇ ತಂಡದಲ್ಲಿ ಆಡುವ ಪಂದ್ಯಾವಳಿಯನ್ನು ಯಾವ ಇಲಾಖೆಯೂ ಸುತ್ತೋಲೆ ಹೊರಡಿಸಿ ಹುಟ್ಟಿಸಲು ಆಗುತ್ತಿರಲಿಲ್ಲ.

ಆದರೆ ಉಳಿದ ಅರ್ಧ ನೋಡಿ. 1973ರ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದ ತಂಡದ ನಾಯಕ ಎಂ.ಪಿ. ಗಣೇಶ್ ಸೈನ್ಯದಲ್ಲಿದ್ದು ಬೆಳೆದವರು. 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಎಂ.ಎಂ. ಸೋಮಯ್ಯ ಭಾರತ್ ಪೆಟ್ರೋಲಿಯಂನಲ್ಲಿ ಕೆಲಸಕ್ಕಿದ್ದವರು. ಸೈನ್ಯ ಯಾರದ್ದು? ಆ ಕಂಪನಿ ಯಾರದ್ದು? ತಿಂಗಳ ಸಂಬಳ ಬರುತ್ತದೆ ಅನ್ನೋ ಧೈರ್ಯ ಇದ್ದದ್ದಕ್ಕೇ ಎಷ್ಟೋ ಮನೆಯವರು ಮಗನ ಕೈಗೆ ಸ್ಟಿಕ್ ಕೊಟ್ಟರು. ಅದೂ ಸರ್ಕಾರದ ನೀತಿಯೇ. ನಾವು ಅದನ್ನು ಆ ಹೆಸರಿನಿಂದ ಕರೆಯಲಿಲ್ಲ, ಅಷ್ಟೆ.

ಇನ್ನೊಂದು ಮಾತು, ಬೇಜಾರಾದರೂ ಪರವಾಗಿಲ್ಲ, ಹೇಳಿಬಿಡುತ್ತೇನೆ. ಒಕ್ಕ ಇರುವ ಮಗುವಿಗೆ ಒಕ್ಕ ಇದೆ, ಐನ್‌ಮನೆ (ಮನೆತನದ ಮೂಲಮನೆ) ಇದೆ, ಏಪ್ರಿಲ್ ಬಂದರೆ ಜರ್ಸಿ ಹೊಲಿಸುವ ಚಿಕ್ಕಪ್ಪ ಇದ್ದಾರೆ. ತೋಟದ ಕೂಲಿಯವರ ಲೈನ್ ಮನೆಯ ಮಗುವಿಗೆ ಏನಿದೆ? ನನ್ನ ಶಾಲೆಯಲ್ಲಿ ಯರವ ಆದಿವಾಸಿ ಹುಡುಗಿ ಒಬ್ಬಳಿದ್ದಳು. ಬರಿಗಾಲಲ್ಲಿ ಓಡಿದರೆ ಷೂ ಹಾಕಿದ ಹುಡುಗರೂ ಹಿಂದೆ ಬೀಳುತ್ತಿದ್ದರು. ಕಾಫಿ ಕೊಯ್ಲು ಶುರುವಾದ ಕೂಡಲೇ ಶಾಲೆ ಬಿಟ್ಟಳು. ಅವಳಿಗಿದ್ದದ್ದು ಸರ್ಕಾರಿ ಶಾಲೆಯ ಅಂಗಳ, ಮಧ್ಯಾಹ್ನದ ಬಿಸಿಯೂಟ, ಇಷ್ಟೇ. ನೀತಿ ಬೇಕಾಗಿರುವುದು ಇಂಥವರಿಗೆ. ನಮ್ಮ ಕೌಟುಂಬಿಕ ಹಾಕಿ ಹಬ್ಬಕ್ಕೂ ಈಚೆಗೆ ಸರ್ಕಾರದ ಅನುದಾನ ಬರುತ್ತಿದೆ. ಬರಲಿ, ಬೇಡ ಅನ್ನಲ್ಲ. ಆದರೆ ಆ ಹುಡುಗಿಯ ಪಾಲು ಎಷ್ಟು ಅಂತ ಯಾರಾದರೂ ಕೇಳಬೇಕಲ್ವಾ?

ಒಡಿಶಾ ಇಡೀ ದೇಶದ ಹಾಕಿ ತಂಡವನ್ನು ಸಾಕುತ್ತಿದೆ. ಹಾಕಿಯ ತವರು ಅನ್ನಿಸಿಕೊಂಡ ಕೊಡಗಿರುವ ಕರ್ನಾಟಕಕ್ಕೆ ಅದು ಯಾಕೆ ಆಗಲಿಲ್ಲ?
— ಕಾಲೇಜು ವಿದ್ಯಾರ್ಥಿ, ಗೋಣಿಕೊಪ್ಪ

ಕಾನೂನಿನ ಅಡ್ಡಿಯಂತೂ ಇಲ್ಲ ತಮ್ಮಾ. ಸಂವಿಧಾನದ ಪ್ರಕಾರ ಕ್ರೀಡೆ ರಾಜ್ಯ ಪಟ್ಟಿಯಲ್ಲಿದೆ. 33ನೇ ನಮೂದಿನಲ್ಲಿ ನಾಟಕ, ಸಿನಿಮಾ, ಮನರಂಜನೆಯ ಜೊತೆ ಸೇರಿಸಿಬಿಟ್ಟಿದ್ದಾರೆ. ಅಂದರೆ ಯಾವ ಆಟಕ್ಕೆ ಎಷ್ಟು ದುಡ್ಡು ಅನ್ನುವುದು ಮುಖ್ಯವಾಗಿ ರಾಜ್ಯದವರ ಮನಸ್ಸಿಗೆ ಬಿಟ್ಟದ್ದು.

ಒಡಿಶಾ 2018ರಲ್ಲಿ ಪುರುಷರ, ಮಹಿಳೆಯರ ಎರಡೂ ರಾಷ್ಟ್ರೀಯ ತಂಡಗಳ ಪ್ರಾಯೋಜಕತ್ವ ತೆಗೆದುಕೊಂಡಿತು. ಆಗ ಮುಖ್ಯಮಂತ್ರಿಯಾಗಿದ್ದ ನವೀನ್ ಪಟ್ನಾಯಕ್ ಶಾಲೆಯಲ್ಲಿ ಗೋಲ್‌ಕೀಪರ್ ಆಗಿದ್ದವರಂತೆ. ಇರಬಹುದು, ಆದರೆ ಬರೀ ಪ್ರೀತಿಯಿಂದ ಇದೆಲ್ಲ ಆಗಲ್ಲ. ಬಿರುಗಾಳಿ, ಬಡತನ ಅಂತಲೇ ಸುದ್ದಿಯಾಗುತ್ತಿದ್ದ ರಾಜ್ಯಕ್ಕೆ ಬೇರೆ ಹೆಸರು ಬೇಕಿತ್ತು. 2018 ಮತ್ತು 2023ರ ಪುರುಷರ ವಿಶ್ವಕಪ್ ಎರಡೂ ಅಲ್ಲೇ ನಡೆದವು. ಜೆರ್ಸಿಯ ಮೇಲೆ ರಾಜ್ಯದ ಹೆಸರು ಬಂತು. ರಾಜಕೀಯ ಲಾಭ ಇತ್ತು, ಆಟಕ್ಕೂ ಲಾಭ ಆಯ್ತು. ಟೋಕಿಯೊದಲ್ಲಿ 41 ವರ್ಷದ ಮೇಲೆ ಪದಕ, ಪ್ಯಾರಿಸ್‌ನಲ್ಲಿ ಮತ್ತೊಂದು.

ನನಗೆ ಮೆಚ್ಚುಗೆಯಾದದ್ದು ಎರಡು ವಿಷಯ. ಹಾಕಿ ಆಡುವ ಆದಿವಾಸಿ ಮಕ್ಕಳಿರುವ ಸುಂದರ್‌ಗಢ ಜಿಲ್ಲೆಯ 17 ಬ್ಲಾಕ್‌ಗಳಲ್ಲೂ ಟರ್ಫ್ (ಕೃತಕ ಹಾಸು) ಹಾಕಬೇಕೆಂದು ಯೋಜನೆ ಮಾಡಿದರು. ಮಕ್ಕಳು ಇದ್ದಲ್ಲಿಗೆ ಮೈದಾನ ಹೋಗಬೇಕು ಅನ್ನುವ ಲೆಕ್ಕ ಅದು. ಎರಡನೆಯದು, 2024ರಲ್ಲಿ ಸರ್ಕಾರ ಬದಲಾದರೂ ಹೊಸಬರು ಒಪ್ಪಂದ ಹರಿದು ಹಾಕಲಿಲ್ಲ, 2036ರವರೆಗೆ ಮುಂದುವರಿಸಿದರು.

ನಮ್ಮಲ್ಲಿ ಹೇಗೆ ಗೊತ್ತಾ? ನಾನು ಕಣ್ಣಾರೆ ನೋಡಿದ ಒಂದು ಟರ್ಫ್ ಕತೆ ಹೇಳುತ್ತೇನೆ, ಊರಿನ ಹೆಸರು ಬೇಡ. ಶಾಮಿಯಾನ ಹಾಕಿ, ವಾಲಗ ಊದಿಸಿ ಕಲ್ಲು ಹಾಕಿದರು. ಮೊದಲ ಬಿಲ್ ಆಯ್ತು, ಜಲ್ಲಿ ಹರಡಿದರು. ಆಮೇಲೆ ಚುನಾವಣೆ. ಗುತ್ತಿಗೆದಾರರು ಎರಡನೇ ಬಿಲ್‌ಗೆ ಕಾದರು, ಮಕ್ಕಳು ಮಳೆಗಾಲಗಳನ್ನು ಕಾದರು. ಜಲ್ಲಿಯ ಸಂದಿಯಲ್ಲಿ ಸೊಂಟದೆತ್ತರಕ್ಕೆ ಹುಲ್ಲು ಬಂತು. ಇದ್ದ ಮಣ್ಣಿನ ಮೈದಾನವೂ ಹೋಯಿತು. ಕೊನೆಗೂ ಹಸಿರು ಹಾಸು ಬಂದಾಗ ಮೊದಲು ಆಡಬೇಕಿದ್ದವರು ಡಿಗ್ರಿ ಮುಗಿಸಿ ಬೆಂಗಳೂರು ಸೇರಿದ್ದರು. ಉದ್ಘಾಟನೆಯ ದಿನ ನಾನು ಕೇಳಿದೆ: ಬೇಸಿಗೆಯಲ್ಲಿ ಇದಕ್ಕೆ ನೀರು ಎಲ್ಲಿಂದ, ಕೋಚ್ ಯಾರು? "ಅದು ಬೇರೆ ಹೆಡ್ (ಬಜೆಟ್ ಲೆಕ್ಕ), ಮೇಡಂ" ಅಂದರು.

ಕಟ್ಟಡಕ್ಕೆ ಒಂದು ಸಲ ದುಡ್ಡು ಕೊಟ್ಟರೆ ಕಲ್ಲಿನ ಮೇಲೆ ಹೆಸರು ಬರುತ್ತದೆ. ಕೋಚ್‌ಗೆ ತಿಂಗಳು ತಿಂಗಳು ಕೊಡಬೇಕು, ಹೆಸರೂ ಬರಲ್ಲ. ನಮ್ಮ ಕ್ರೀಡಾ ರಾಜಕೀಯ ಬಹುಪಾಲು ಇಷ್ಟೇ.

ಮಗಳು ಕ್ರೀಡಾ ಹಾಸ್ಟೆಲ್‌ಗೆ ಆಯ್ಕೆಯಾಗಿದ್ದಾಳೆ. ಎಂಟನೇ ಕ್ಲಾಸು. ಕಳಿಸಲಾ?
— ಒಬ್ಬ ತಾಯಿ, ಶನಿವಾರಸಂತೆ

ಮೊದಲು ಹೋಗಿ ನೋಡಿ ಬನ್ನಿ ಅಮ್ಮಾ. ಹೇಳದೆ ಹೋಗಿ, ಊಟದ ಹೊತ್ತಿಗೆ. ಮೊಟ್ಟೆ, ಹಾಲು ಪಟ್ಟಿಯಲ್ಲಿದೆಯಾ, ತಟ್ಟೆಯಲ್ಲಿದೆಯಾ ಅಂತ ನೋಡಿ. ವಾರ್ಡನ್ ಹೆಂಗಸೇ, ರಾತ್ರಿ ಅಲ್ಲೇ ಇರುತ್ತಾರಾ ಕೇಳಿ. ಕೋಚ್ ಕಾಯಂ ನೌಕರರಾ, ಗುತ್ತಿಗೆಯವರಾ ಅಂತಲೂ ಕೇಳಿ, ಸಂಕೋಚ ಬೇಡ. ಗುತ್ತಿಗೆಯವರು ಕೆಟ್ಟವರು ಅಂತಲ್ಲ. ಎಷ್ಟೋ ಸಲ ಅವರೇ ಜಾಸ್ತಿ ದುಡಿಯುತ್ತಾರೆ. ಆದರೆ ನವೀಕರಣ ತಡವಾದರೆ ಮಕ್ಕಳು ತಿಂಗಳುಗಟ್ಟಲೆ ಸುಮ್ನೆ ರೌಂಡ್ ಹೊಡೆಯುತ್ತಾ ಕೂರಬೇಕಾಗುತ್ತದೆ. ಸ್ಟೋರ್ ರೂಮಿನ ಬಾಗಿಲು ತೆಗೆಸಿ, ಕೀಪರ್ ಪ್ಯಾಡ್ ಎತ್ತಿ ನೋಡಿ. ಬೆಲ್ಟ್ ಕಿತ್ತು ಹಗ್ಗ ಕಟ್ಟಿದ್ದರೆ ಆ ಹಾಸ್ಟೆಲಿನ ಸಾಮಾನಿಗೆ ದುಡ್ಡು ಬಂದು ಬಹಳ ದಿನ ಆಗಿದೆ ಅಂತ ಅರ್ಥ.

ಕೂಡಿಗೆಯ ಕ್ರೀಡಾ ಶಾಲೆ, ಪೊನ್ನಂಪೇಟೆಯ ಹೆಣ್ಣುಮಕ್ಕಳ ಹಾಸ್ಟೆಲ್ ನಮ್ಮ ಜಿಲ್ಲೆಯಲ್ಲೇ ಇವೆ. ಹತ್ತಿರ ಸಿಕ್ಕರೆ ಹತ್ತಿರವೇ ಒಳ್ಳೆಯದು. ಹತ್ತನೇ ಕ್ಲಾಸಿನ ಓದು ಮಾತ್ರ ಬಿಡಿಸಬೇಡಿ. ಸ್ಪೋರ್ಟ್ಸ್ ಕೋಟಾದ ಕೆಲಸಕ್ಕೂ ಅಂಕಪಟ್ಟಿ ಕೇಳುತ್ತಾರೆ.

ನಮ್ಮ ಶಾಲೆಯಲ್ಲಿ ಪಿ.ಟಿ. ಟೀಚರ್ ಇಲ್ಲ. ಹೋಬಳಿ ಮಟ್ಟದ ಆಟ ಮಾತ್ರ ಪ್ರತಿ ವರ್ಷ ಮಳೆಯಲ್ಲೇ ಬರುತ್ತದೆ. ಇದಕ್ಕೆ ಪರಿಹಾರ ಉಂಟಾ?
— ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರು, ಭಾಗಮಂಡಲ ಕಡೆಯಿಂದ

ನನ್ನ ಇಡೀ ಸರ್ವಿಸಿನ ಸಿಟ್ಟನ್ನು ಕೆಣಕಿದಿರಿ! ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ನೋಡಿ. ಆರರಿಂದ ಎಂಟನೇ ತರಗತಿಗೆ ದೈಹಿಕ ಶಿಕ್ಷಣದ ಅರೆಕಾಲಿಕ ಬೋಧಕರು ಬೇಕು ಅಂತಿದೆ, ಆದರೆ ಮಕ್ಕಳು 100ಕ್ಕಿಂತ ಜಾಸ್ತಿ ಇದ್ದರೆ. ಬಯಲುಸೀಮೆಯ ದೊಡ್ಡ ಊರಿಗೆ ಅದು ಸರಿ. ತೋಟದ ನಡುವೆ ಮನೆಗೊಂದು ಗುಡ್ಡ ಇರುವ ನಮ್ಮ ಕಡೆ ನೂರು ಮಕ್ಕಳನ್ನು ಎಲ್ಲಿಂದ ತರುವುದು? ತಲೆ ಎಣಿಸುವ ನೀತಿಯಲ್ಲಿ ಕೊಡಗು ಯಾವಾಗಲೂ ಸೋಲುತ್ತದೆ.

ಮಳೆ ವಿಷಯವೂ ಅದೇ. ಇಲಾಖೆಯ ಕ್ರೀಡಾಕೂಟ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಬೀಳುತ್ತದೆ. ಭಾಗಮಂಡಲದ ಮಳೆ ನಿಮಗೆ ನಾನು ಹೇಳಬೇಕಾ? ಸುಣ್ಣದ ಗೆರೆ ಈ ತುದಿಯಿಂದ ಆ ತುದಿಗೆ ಎಳೆಯುವಷ್ಟರಲ್ಲಿ ಈ ತುದಿ ತೊಳೆದುಹೋಗಿರುತ್ತದೆ. ನಾವು ಗೂಟ ಹೊಡೆದು ಹಗ್ಗ ಕಟ್ಟಿ ಓಡಿಸುತ್ತಿದ್ದೆವು. ಲಾಂಗ್ ಜಂಪ್ ಗುಂಡಿಯಲ್ಲಿ ಕಪ್ಪೆ. ಮಳೆ ರಜೆ ಕೊಟ್ಟ ಮೇಲೆ ಅದನ್ನು ಸರಿದೂಗಿಸಲು ಶನಿವಾರ ಮಧ್ಯಾಹ್ನ ಪಾಠ. ಅಲ್ಲೂ ಹೋಗುವುದು ಆಟದ ಪಿರಿಯಡ್ಡೇ.

ಒಂದು ಕೆಲಸ ಮಾಡಿ. ಅಕ್ಕಪಕ್ಕದ ಶಾಲೆಗಳ ಎಸ್‌ಡಿಎಂಸಿಗಳು ಸೇರಿ ಒಂದೇ ಮನವಿ ಬರೆಯಿರಿ: ಕ್ಲಸ್ಟರ್‌ಗೆ ಒಬ್ಬ ದೈಹಿಕ ಶಿಕ್ಷಕರು ಬೇಕು, ಕೊಡಗಿನ ಹೋಬಳಿ ಪಂದ್ಯ ಮಳೆಗೆ ಮುಂಚೆ ಆಗಬೇಕು. ಬಿಇಒ ಕಚೇರಿಯಲ್ಲಿ ಕೊಟ್ಟು ಸೀಲ್ ಹಾಕಿಸಿಕೊಳ್ಳಿ, ಒಂದು ಪ್ರತಿ ಶಾಸಕರಿಗೆ. ಬಾಯಿಮಾತಿಗೆ ಫೈಲ್ ನಂಬರ್ ಇರುವುದಿಲ್ಲ.

ಕ್ರೀಡಾ ಸಂಸ್ಥೆಗಳ ಹೊಸ ಕಾಯ್ದೆಯಿಂದ ಏನಾದರೂ ಬದಲಾಗುತ್ತಾ?
— ಓದುಗರು, ಕುಶಾಲನಗರ

2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಅಲ್ವಾ? ಸಂಸ್ಥೆಗಳ ಜಗಳಕ್ಕೆ ನ್ಯಾಯಮಂಡಳಿ, ಕಾರ್ಯಕಾರಿ ಸಮಿತಿಯಲ್ಲಿ ಕನಿಷ್ಠ 4 ಮಹಿಳೆಯರು, ಆಟಗಾರರಿಗೂ ಜಾಗ. ಒಳ್ಳೆಯದೇ. ಸಂಘಟಕರ ಕಿತ್ತಾಟದಿಂದ ಆಟ ಎಷ್ಟು ಹಾಳಾಗುತ್ತದೆ ಅಂತ 2008ರಲ್ಲಿ ನೋಡಿದ್ದೇವೆ. ಹಾಕಿ ತಂಡ ಬೀಜಿಂಗ್‌ಗೆ ಅರ್ಹತೆಯನ್ನೇ ಪಡೆಯಲಿಲ್ಲ, ಅದೇ ವರ್ಷ ಲಂಚದ ಆರೋಪ ಬಂದು ಆಗಿನ ಫೆಡರೇಶನ್ನೇ ಅಮಾನತಾಯಿತು. ಆದರೆ ಮಾಹಿತಿ ಹಕ್ಕು ಸರ್ಕಾರದ ಅನುದಾನ ಪಡೆಯುವ ಸಂಸ್ಥೆಗಳಿಗೆ ಮಾತ್ರ ಅಂತ ಮಾಡಿದ್ದಾರೆ. ಕ್ರಿಕೆಟ್ ಮಂಡಳಿಗೆ ಅನುದಾನದ ಹಂಗಿಲ್ಲ. ಉಳಿದದ್ದು ನೀವೇ ಊಹಿಸಿ.

ಟೀಚರ್, ಮುಂದಿನ ತಿಂಗಳು ಟ್ರಯಲ್ಸ್ ಇದೆ. ಟರ್ಫ್ ಮೇಲೆ ನಾನು ಒಮ್ಮೆಯೂ ಆಡಿಲ್ಲ. ಭಯ ಆಗ್ತಿದೆ.
— ಒಂಬತ್ತನೇ ತರಗತಿ ಹುಡುಗ, ಸಿದ್ದಾಪುರ

ಭಯ ನಿನ್ನೊಬ್ಬನದೇ ಅಲ್ಲ ಮಗಾ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಕೃತಕ ಹಾಸು ಹಾಕಿದಾಗ ಭಾರತ ತಂಡಕ್ಕೇ ಏಳನೇ ಸ್ಥಾನ ಬಂದಿತ್ತು.

ನಮ್ಮ ಮಣ್ಣಿನಲ್ಲಿ ಚೆಂಡು ಕುಪ್ಪಳಿಸುತ್ತದೆ, ಅದಕ್ಕೇ ನೀವೆಲ್ಲ ಸ್ಟಿಕ್ಕನ್ನು ಸ್ವಲ್ಪ ಮೇಲೆ ಹಿಡಿದು ಕಾಯುತ್ತೀರಿ. ಟರ್ಫಿನಲ್ಲಿ ಅದು ನೆಲ ಬಿಡದೆ ಸರ್ರನೆ ಬರುತ್ತದೆ. ಮಂಡಿ ಬಗ್ಗಿಸು, ಸ್ಟಿಕ್ಕನ್ನು ನೆಲಕ್ಕೆ ಮಲಗಿಸಿಕೊಂಡೇ ಇರು. ಈಗಿನಿಂದಲೇ ನಯವಾದ ಸಿಮೆಂಟ್ ಕಣದಲ್ಲಿ ಗೋಡೆಗೆ ಚೆಂಡು ಹೊಡೆದು ತಡೆಯುವುದು ಅಭ್ಯಾಸ ಮಾಡು, ಕಾಫಿ ಒಣಗಿಸುವ ಕಣ ಖಾಲಿ ಇದ್ದರೆ ಯಜಮಾನರನ್ನು ಕೇಳು. ಟ್ರಯಲ್ಸ್ ದಿನ ಒಂದು ಗಂಟೆ ಮೊದಲೇ ಹೋಗಿ ಹಾಸಿನ ಮೇಲೆ ಓಡಾಡು. ಕ್ಯಾನ್ವಾಸ್ ಷೂ ಜಾರುತ್ತದೆ, ಸೀನಿಯರ್ ಯಾರದ್ದಾದರೂ ಟರ್ಫ್ ಷೂ ಕೇಳಿ ತಗೋ. ಹಾಸು ಒದ್ದೆ ಇರುತ್ತದೆ, ಎರಡು ಜೊತೆ ಸಾಕ್ಸ್ ಇಟ್ಟುಕೊ. ಆಧಾರ್, ಜನನ ಪ್ರಮಾಣಪತ್ರದ ಜೆರಾಕ್ಸ್ ಮರೆಯಬೇಡ, ಅದಿಲ್ಲ ಅಂತ ಗೇಟಿನಿಂದಲೇ ವಾಪಸ್ ಬಂದ ಹುಡುಗರನ್ನು ನೋಡಿದ್ದೇನೆ.