ಅಂಟಿಲ್ಲದೆ ಗಟ್ಟಿಯಾಗುವ ಮರದ ಪೆಲೆಟ್

ಪ್ರಶ್ನೆ: ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಒಲೆಗಳಿಗೆ ಬಳಸುವ ಮರದ ಪೆಲೆಟ್‌ಗಳನ್ನು, ಅಂದರೆ ಮರದ ಪುಡಿಯನ್ನು ಒತ್ತಿ ಮಾಡಿದ ಸಣ್ಣ ಉರುವಲು ತುಂಡುಗಳನ್ನು, ಹೇಗೆ ತಯಾರಿಸುತ್ತಾರೆ? ಅವುಗಳಿಗೆ ಅಂಟು ಬೆರೆಸುತ್ತಾರೆಯೇ?

ಉತ್ತರ: ಸಾಮಾನ್ಯವಾಗಿ ಬೇರೆ ಅಂಟು ಬೇಕಾಗುವುದಿಲ್ಲ, ಮರದಲ್ಲೇ ಇರುವ ಲಿಗ್ನಿನ್ ಎಂಬ ವಸ್ತು ಆ ಕೆಲಸವನ್ನು ಮಾಡುತ್ತದೆ. ಮರ ಕೊಯ್ಯುವ ಮಿಲ್ಲುಗಳಲ್ಲಿ ಉಳಿಯುವ ಗರಗಸದ ಹೊಟ್ಟು ಮತ್ತು ಚೂರುಗಳೇ ಇದರ ಮುಖ್ಯ ಕಚ್ಚಾವಸ್ತು. ಹಸಿ ಹೊಟ್ಟಿನ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದಾದ್ದರಿಂದ, ಅದನ್ನು ತಿರುಗುವ ಡ್ರೈಯರ್‌ನಲ್ಲಿ ಹಾಕಿ, ಬಿಸಿಗಾಳಿ ಹಾಯಿಸಿ, ತೇವಾಂಶ ಶೇ 10ರ ಆಸುಪಾಸಿಗೆ ಇಳಿಯುವವರೆಗೆ ಒಣಗಿಸುತ್ತಾರೆ. ಇಡೀ ತಯಾರಿಕೆಯಲ್ಲಿ ಹೆಚ್ಚು ಶಾಖ ಬೇಡುವ ಹಂತ ಇದೇ. ಅನಂತರ ಹ್ಯಾಮರ್ ಮಿಲ್‌ನಲ್ಲಿ ಪುಡಿಮಾಡಿ ಒಂದೇ ಹದಕ್ಕೆ ತರಲಾಗುತ್ತದೆ.

ನಿಜವಾದ ಚಮತ್ಕಾರವಿರುವುದು ಅಚ್ಚಿನಲ್ಲಿ. ದಪ್ಪ ಉಕ್ಕಿನ ಬಳೆಯಾಕಾರದ ಅಚ್ಚಿನ ಸುತ್ತಲೂ 6 ಅಥವಾ 8 ಮಿಲಿಮೀಟರ್ ಅಗಲದ ರಂಧ್ರಗಳಿದ್ದು, ಒಳಗಿನ ರೋಲರುಗಳು ಪುಡಿಯನ್ನು ಅವುಗಳ ಮೂಲಕ ಚಕ್ಕುಲಿ ಒರಳಿನ ಹಿಟ್ಟಿನಂತೆ ಹೊರಕ್ಕೆ ಒತ್ತುತ್ತವೆ. ಆ ತಿಕ್ಕಾಟದಿಂದ ಹುಟ್ಟುವ ಶಾಖಕ್ಕೆ ಲಿಗ್ನಿನ್ ಮೆದುವಾಗಿ ಕಣಗಳನ್ನು ಬೆಸೆಯುತ್ತದೆ. ಹೊರಬಂದ ಎಳೆಗಳನ್ನು ಅಲಗೊಂದು ತುಂಡರಿಸುತ್ತದೆ. ಪುಡಿ ತೀರಾ ಒಣಗಿದ್ದರೆ ರಂಧ್ರಗಳು ಕಟ್ಟಿಕೊಳ್ಳುತ್ತವೆ, ತೇವ ಹೆಚ್ಚಾದರೆ ಪೆಲೆಟ್ ಉದುರಿಹೋಗುತ್ತದೆ. ಆದ್ದರಿಂದ ಯಂತ್ರ ಎಷ್ಟೇ ದುಬಾರಿಯಾಗಿದ್ದರೂ ಹದ ತಪ್ಪಿದರೆ ಫಲವಿಲ್ಲ. ಬೆಸುಗೆ ಬಿಗಿಯಾಗಲೆಂದು ಕೆಲವು ತಯಾರಕರು ಅಲ್ಪ ಪ್ರಮಾಣದಲ್ಲಿ ಪಿಷ್ಟವನ್ನು ಸೇರಿಸುವುದುಂಟು.

ಹೊರಬಂದಾಗ ಪೆಲೆಟ್ ಬಿಸಿಯಾಗಿ, ಮೆತ್ತಗಿರುತ್ತದೆ. ಗಾಳಿ ಹಾಯಿಸಿ ತಣಿಸಿದಾಗ ಲಿಗ್ನಿನ್ ಮತ್ತೆ ಬಿಗಿದು, ಮೇಲ್ಮೈಗೆ ನಯವಾದ ಹೊಳಪು ಬರುತ್ತದೆ. ಜರಡಿ ಹಿಡಿದಾಗ ಕೆಳಗೆ ಉದುರಿದ ಪುಡಿಯನ್ನು ಮರಳಿ ಅಚ್ಚಿಗೆ ಕಳುಹಿಸಿ, ಪೆಲೆಟ್‌ಗಳನ್ನು ನೀರು ತಾಗದ ಚೀಲಗಳಿಗೆ ತುಂಬುತ್ತಾರೆ. ಏಕೆಂದರೆ ನೀರು ಕುಡಿದ ಪೆಲೆಟ್ ಉಬ್ಬಿ ಮತ್ತೆ ಹೊಟ್ಟಾಗುತ್ತದೆ.