ಮೂಗು ಮುಂದೆ, ಕಣ್ಣು ಹಿಂದೆ: ನಾಯಿ ಜೊತೆ ಚಳಿಗಾಲದ ನಡಿಗೆ

ಧನುರ್ಮಾಸದ ಮಂಜು ಬೀಳತೊಡಗಿದ ಮೇಲೆ ನಾಯಿ ಜೊತೆ ವಾಕಿಂಗ್ ಹೋಗುವವರಿಂದ ಹಲವು ಪತ್ರಗಳು ಬಂದಿವೆ. ಒಂದೇ ತರಹದ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮ ಲ್ಯಾಬ್ರಡಾರ್‌ಗೆ ಮೂರು ವರ್ಷ. ದಿನಾ ಬೆಳಿಗ್ಗೆ ಐದೂವರೆಗೇ ಹೊರಡುತ್ತೇವೆ. ಹತ್ತು ಹೆಜ್ಜೆಗೊಮ್ಮೆ ನಿಂತು ಮೂಸುತ್ತದೆ, ಎಳೆದು ಎಳೆದು ಕೈ ನೋವು. ಚಳಿಗಾಲಕ್ಕೆ ಎಲ್ಲೆಲ್ಲಿಂದಲೋ ಹಕ್ಕಿ ಬರುತ್ತವೆ ಅಂತಾರೆ, ನಮಗಂತೂ ಒಂದೂ ಕಂಡಿಲ್ಲ.
(ರಾಮಕೃಷ್ಣನಗರ, ಮೈಸೂರು)

ಉತ್ತರ: ಎರಡು ತೊಂದರೆಗೂ ಕಾರಣ ನಿಮ್ಮ ಆತುರ, ನಾಯಿಯದ್ದಲ್ಲ. ಐದೂವರೆಗೆ ಇನ್ನೂ ಕಗ್ಗತ್ತಲು. ಮೈಸೂರಿನಲ್ಲಿ ಡಿಸೆಂಬರ್ ಕೊನೆಗೆ ಸೂರ್ಯ ಹುಟ್ಟುವುದು ಸುಮಾರು 6.40ಕ್ಕೆ. ಡಿಸೆಂಬರ್ 21–22 ಕಳೆದ ಮೇಲೆ ಹಗಲು ಬೆಳೆಯುತ್ತದೆ ನಿಜ, ಆದರೆ ಮೊದಮೊದಲು ಬೆಳೆಯುವುದು ಸಂಜೆಯ ಕಡೆಗೆ. ಸೂರ್ಯೋದಯ ಜನವರಿ ಮೂರನೇ ವಾರದವರೆಗೂ ತಡವಾಗುತ್ತಲೇ ಹೋಗಿ 6.50ರ ಹತ್ತಿರ ಬರುತ್ತದೆ. ಸಂಕ್ರಾಂತಿ ಆಯಿತಲ್ಲ, ಇನ್ನು ಬೇಗ ಬೆಳಗಾಗುತ್ತದೆ ಅಂದುಕೊಂಡವರು ಮೋಸಹೋಗುವುದು ಇಲ್ಲೇ. ಏಳರಿಂದ ಎಂಟೂವರೆ ಒಳ್ಳೆಯ ಹೊತ್ತು. ಚಳಿಗೆ ಮುದುಡಿದ ಹಕ್ಕಿಗಳು ಬಿಸಿಲಿಗೆ ಬಂದು ಕೂರುವುದೂ ಆಗಲೇ.

ಇನ್ನು ಮೂಸುವ ವಿಷಯ. ನಾಯಿಗೆ ಮೂಸುವುದೇ ವಾಕಿಂಗ್, ನಡೆಯುವುದು ನೆಪ. ಗಾಳಿಯಾಡದ ತಂಪು ಬೆಳಗಿನಲ್ಲಿ ವಾಸನೆ ನೆಲದ ಹತ್ತಿರವೇ ಉಳಿಯುತ್ತದೆ, ಹಾಗಾಗಿ ರಾತ್ರಿ ಯಾರು ಹಾದುಹೋದರು ಅನ್ನುವ ಲೆಕ್ಕವೆಲ್ಲ ಅದರ ಮೂಗಿಗೆ ಸಿಗುತ್ತಿದೆ. ಎಳೆಯುವುದು ಬಿಟ್ಟು, ಅದು ಮೂಗು ಎತ್ತದೆ ನಿಂತ ಕಡೆ ನೀವೂ ಕುಕ್ಕರಗಾಲಲ್ಲಿ ಕೂತು ನೋಡಿ. ದಾರಿಯ ನಟ್ಟನಡುವೆ ಅಥವಾ ಕಲ್ಲಿನ ಮೇಲೆ ಬೇಕೆಂದೇ ಹಾಕಿದಂತಿರುವ ಹಿಕ್ಕೆ ಇದೆಯೇ? ಕಡ್ಡಿಯಿಂದ ಬಿಡಿಸಿ ನೋಡಿ. ಈ ತಿಂಗಳುಗಳಲ್ಲಿ ಅದರೊಳಗೆ ಎಲಚಿ ಹಣ್ಣಿನ ಗಟ್ಟಿ ಬೀಜ, ಇಲಿಯ ಕೂದಲು ಒಟ್ಟಿಗೆ ಇದ್ದರೆ ಬಹುಮಟ್ಟಿಗೆ ನರಿಯದು. ಸಂಕ್ರಾಂತಿಗೆ ಮಕ್ಕಳ ತಲೆಗೆ ಎರೆಯುವ ಎಲಚಿ ನರಿಗೂ ಹಬ್ಬದೂಟವೇ.

ಮಂಜಿಗೆ ಮೆತ್ತಗಾದ ಧೂಳಿನಲ್ಲಿ ಹೆಜ್ಜೆ ಓದುವುದನ್ನೂ ಕಲಿಯಿರಿ. ಅಳತೆಗೋಲು ನಿಮ್ಮ ಪಕ್ಕದಲ್ಲೇ ಇದೆ: ನಿಮ್ಮ ನಾಯಿಯ ಹೆಜ್ಜೆ. ಅದರಲ್ಲಿ ಉಗುರಿನ ಗುರುತು ಎದ್ದು ಕಾಣುತ್ತದೆ. ಬೆಕ್ಕಿನ ಜಾತಿಯವು ನಡೆಯುವಾಗ ಉಗುರು ಒಳಗೆ ಎಳೆದುಕೊಳ್ಳುವುದರಿಂದ ಆ ಗುರುತು ಇರುವುದಿಲ್ಲ, ಅಂಗಾಲಿನ ದಿಂಡಿನ ಹಿಂಬದಿಯಲ್ಲಿ ಮೂರು ಉಬ್ಬು ಇರುತ್ತವೆ. ಅಗಲ 3 ಸೆಂ.ಮೀ. ಆಸುಪಾಸು ಇದ್ದರೆ ಊರ ಬೆಕ್ಕು. 7ರಿಂದ 9 ಸೆಂ.ಮೀ. ಇದ್ದರೆ ಚಿರತೆ, ಅಂದಿನ ವಾಕಿಂಗ್ ಅಲ್ಲಿಗೆ ಮುಗಿಯಿತು ಅಂದುಕೊಳ್ಳಿ.

ಹಕ್ಕಿ ನೋಡಲು ನಡೆಯಬೇಡಿ, ಕೂರಿ. ಮೊದಲ ಅರ್ಧ ಗಂಟೆ ಮೂಗಿಗೆ ಬಿಟ್ಟುಕೊಟ್ಟರೆ ನಾಯಿ ತಣ್ಣಗಾಗುತ್ತದೆ, ಆಮೇಲೆ 15 ನಿಮಿಷ ಸುಮ್ಮನೆ ಕೂರುತ್ತದೆ. ಜನವರಿ ಕೊನೆಯ ಹೊತ್ತಿಗೆ ಎಲೆ ಉದುರಿಸಿಕೊಂಡ ಬೂರುಗದ ಮರ ಕೆಂಪು ಹೂ ಬಿಡುತ್ತದೆ. ಅಂಥ ಮರದಿಂದ 20 ಮೀಟರ್ ದೂರದಲ್ಲಿ ಬಿಸಿಲು ಬೆನ್ನಿಗೆ ಬೀಳುವಂತೆ ಕೂತರೆ ಸಾಕು. ಮೈನಾ, ಕಾಜಾಣ, ಕಾಗೆ, ಅಳಿಲು ಎಲ್ಲವೂ ಅಲ್ಲೇ ಬರುತ್ತವೆ. ಗುಲಾಬಿ ಮೈಗೆ ಕಪ್ಪು ತಲೆಯ ಕಬ್ಬಕ್ಕಿಗಳು ಗುಂಪಾಗಿ ಬಂದಿಳಿದರೆ ಅವು ಮಧ್ಯ ಏಷ್ಯಾದ ಕಡೆಯ ಅತಿಥಿಗಳು.

ಪ್ರಶ್ನೆ: ನಾಲೆ ಏರಿಯ ಮೇಲೆ ಬಾಲ ಕುಣಿಸುತ್ತ ಓಡುವ ಹಕ್ಕಿ ನೋಡಿದರೆ ನಮ್ಮ ನಾಯಿಗೆ ಹುಚ್ಚು. ಅದು ವಲಸೆ ಹಕ್ಕಿಯೇ? ನಾಯಿ ನಾಲೆಗೆ ಬಿದ್ದರೆ ಅನ್ನುವ ಭಯ ಬೇರೆ.
(ಮಂಡ್ಯ)

ಉತ್ತರ: ಅದು ಸಿಪಿಲೆ. ಕಪ್ಪು ತಲೆಗೆ ಎದ್ದು ಕಾಣುವ ಬಿಳಿ ಹುಬ್ಬು ಇದ್ದರೆ ವರ್ಷವಿಡೀ ಇಲ್ಲೇ ಇರುವ ನಮ್ಮೂರ ಸಿಪಿಲೆ. ಬೂದು ಬೆನ್ನು, ಹಳದಿ ಹೊಟ್ಟೆ, ಉದ್ದ ಬಾಲ ಇದ್ದರೆ ಚಳಿಗಾಲಕ್ಕೆ ಬಂದದ್ದು. ಕೊಯ್ದ ಗದ್ದೆಯ ಕೆಸರಿನಲ್ಲಿ ಹಿಂಭಾಗ ಕುಣಿಸುವ ಉದ್ದ ಕಾಲಿನ ಗೊರವಗಳು, ಗದ್ದೆ ಮೇಲೆ ತೀರ ತಗ್ಗಿನಲ್ಲಿ ರೆಕ್ಕೆ ಎತ್ತಿ ತೇಲುವ ಸೆಳೆವ ಎಂಬ ಗಿಡುಗ, ಇವೂ ಈಗಿನ ಅತಿಥಿಗಳೇ.

ನಾಲೆಯ ಭಯ ಮಾತ್ರ ಸರಿಯಾದದ್ದು. ವಿಶ್ವೇಶ್ವರಯ್ಯ ನಾಲೆಯಂಥ ಕಡೆ ಕಾಂಕ್ರೀಟ್ ಹಾಕಿದ ಇಳಿಜಾರಿನಲ್ಲಿ ಪಾಚಿ ಕಟ್ಟಿರುತ್ತದೆ. ಈಜು ಬಲ್ಲ ನಾಯಿಯೂ ಹತ್ತಲಾರದೆ ಉಗುರು ಕೆರೆದು ಕೆರೆದು ಸುಸ್ತಾಗಿ ಮುಳುಗುತ್ತದೆ. ಕೊರಳ ಪಟ್ಟಿ ಹಿಡಿದು ಎಳೆದರೆ ಕಳಚಿಕೊಳ್ಳುತ್ತದೆ, ಇಲ್ಲವೇ ಉಸಿರು ಕಟ್ಟುತ್ತದೆ. ಆದ್ದರಿಂದ ಎದೆಗೆ ಸುತ್ತುವ, ಬೆನ್ನ ಮೇಲೆ ಹಿಡಿಕೆ ಇರುವ ಹಾರ್ನೆಸ್ ಹಾಕಿ. ಬಿದ್ದರೆ ನೀವು ಇಳಿಯಲೇಬೇಡಿ. ನೀರು ಹರಿಯುವ ದಿಕ್ಕಿನಲ್ಲಿ ಓಡಿ, ಬಟ್ಟೆ ಒಗೆಯುವ ಮೆಟ್ಟಿಲ ಹತ್ತಿರ ನಿಂತು ಹೆಸರು ಹಿಡಿದು ಕೂಗಿ. ನಿಮ್ಮ ಹಾದಿಯಲ್ಲಿ ಮೆಟ್ಟಿಲು ಎಲ್ಲೆಲ್ಲಿದೆ ಅನ್ನುವುದನ್ನು ಇವತ್ತೇ ನೋಡಿಟ್ಟುಕೊಳ್ಳಿ.

ಪ್ರಶ್ನೆ: ನಮ್ಮದು ಮುಧೋಳ ತಳಿ. ಕೆರೆ ಅಂಗಳದಲ್ಲಿ ಬಿಟ್ಟರೆ ಹೆಬ್ಬಾತುಗಳನ್ನು ಎಬ್ಬಿಸಿ ಖುಷಿಪಡುತ್ತದೆ. ಒಂದನ್ನೂ ಹಿಡಿದಿಲ್ಲ. ಆದರೂ ಊರಿನ ಹುಡುಗರು ಗದರುತ್ತಾರೆ.
(ನಂಜನಗೂಡು ತಾಲ್ಲೂಕು)

ಉತ್ತರ: ಹುಡುಗರು ಗದರಿದ್ದು ಸರಿ. ಹದಿನಾರು ಕೆರೆಯಂಥ ಕಡೆ ಇಳಿಯುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದವು. ಮಂಗೋಲಿಯಾದಲ್ಲಿ ತೊಡಿಸಿದ ಸಂಖ್ಯೆಯ ಕೊರಳಪಟ್ಟಿ ಇರುವ ಹಕ್ಕಿಗಳೂ ಇಲ್ಲಿ ಕಂಡಿವೆ. ಅವು ಹೆಚ್ಚಾಗಿ ಮೇಯುವುದು ಇರುಳಿನಲ್ಲಿ, ಮಬ್ಬುಗತ್ತಲಲ್ಲಿ. ಬಿಸಿಲೇರಿದ ಮೇಲೆ ದಡದಲ್ಲಿ ಸುಮ್ಮನೆ ನಿಂತಂತೆ ಕಾಣುವ ಗುಂಪು ಸೋಮಾರಿಯಲ್ಲ, ದಣಿವಾರಿಸಿಕೊಳ್ಳುತ್ತಿದೆ. ವಾಪಸು ಪ್ರಯಾಣಕ್ಕೆ ಕೂಡಿಡಬೇಕಾದ ಕೊಬ್ಬನ್ನು ನಿಮ್ಮ ನಾಯಿ ದಿನಕ್ಕಿಷ್ಟು ಅಂತ ಕರಗಿಸುತ್ತಿದೆ. ಹಿಡಿಯಲಿಲ್ಲ ಅನ್ನುವುದು ಕಾನೂನಿಗೂ ಸಾಲದು: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಅಂದರೆ ಕೊಲ್ಲುವುದು ಮಾತ್ರವಲ್ಲ, ಬೆನ್ನಟ್ಟುವುದೂ ಸೇರಿದೆ.

ಮುಧೋಳ ಕಣ್ಣಿನಿಂದ ಬೇಟೆಯಾಡುವ ತಳಿ. ಮೊಲವೋ ನವಿಲೋ ಓಡಿದ್ದು ಕಂಡರೆ ನಿಮ್ಮ ಕೂಗು ಅದರ ಕಿವಿಗೆ ಬೀಳುವುದೇ ಇಲ್ಲ. ಬಯಲಿನಲ್ಲಿ ಬಿಡಬೇಡಿ. 2 ಮೀಟರ್ ಹಗ್ಗ ಸಾಕು. ಗುಂಡಿ ಒತ್ತಿದರೆ ಉದ್ದಕ್ಕೆ ಬಿಚ್ಚಿಕೊಳ್ಳುವ ಹಗ್ಗ ಇಂಥ ನಾಯಿಗೆ ಬೇಡ, ಓಟದ ರಭಸಕ್ಕೆ ಬೆರಳು ಕೊಯ್ಯುತ್ತದೆ. ಹಕ್ಕಿಗಳು ಮೇಯುವುದು ನಿಲ್ಲಿಸಿ ಕತ್ತು ನೆಟ್ಟಗೆ ಮಾಡಿದವು ಅಂದರೆ ಆಗಲೇ ಹತ್ತಿರ ಹೋದಿರಿ. ಅಲ್ಲಿಂದ ಹಿಂದೆ ಸರಿಯಿರಿ.

ಪ್ರಶ್ನೆ: ಕಬ್ಬಿನ ಗದ್ದೆ ಪಕ್ಕದ ದಾರಿ. ಚಿರತೆ ಸುದ್ದಿ ಕೇಳಿ ದೊಣ್ಣೆ ಹಿಡಿದು ಹೋಗುತ್ತೇನೆ. ನಾಯಿ ಇದ್ದರೆ ಧೈರ್ಯ ಅಲ್ಲವೇ?
(ತಿ. ನರಸೀಪುರ)

ಉತ್ತರ: ತಿರುಗುಮುರುಗು. ಚಿರತೆಯ ಕಣ್ಣಿಗೆ ನಾಯಿ ಅಂದರೆ ಊಟ. ಎದೆಯೆತ್ತರ ಕಬ್ಬಿನಲ್ಲಿ ಅದಕ್ಕೆ ನೆರಳು, ಮರೆ, ಹಂದಿ, ನಾಯಿ ಎಲ್ಲವೂ ಸಿಗುತ್ತವೆ, ಮರಿ ಹಾಕುವುದೂ ಅಲ್ಲೇ. ಬೆಳಕಾಗಿ ಅರ್ಧ ಗಂಟೆಯ ಮೇಲೆ ಹೊರಡಿ, ಸಂಜೆ 5.30ರೊಳಗೆ ಮನೆ ಸೇರಿ. ಎರಡೂ ಕಡೆ ಕಬ್ಬು ನಿಂತ ಓಣಿ ಬಿಟ್ಟು ಕೊಯ್ದ ಗದ್ದೆಯ ಬದು ಹಿಡಿಯಿರಿ. ನಾಯಿ ಇದ್ದಕ್ಕಿದ್ದಂತೆ ಬೆನ್ನ ಕೂದಲು ನಿಮಿರಿಸಿ, ಬಾಲ ಮಡಚಿ ‘ಬರೋಲ್ಲ’ ಅಂತ ನಿಂತರೆ ಅದನ್ನು ಹಟ ಅಂದುಕೊಳ್ಳಬೇಡಿ, ತಿರುಗಿ ಬನ್ನಿ.

ಎದುರಾದರೆ ಓಡಬೇಡಿ, ಬಗ್ಗಬೇಡಿ, ನಾಯಿಯನ್ನು ಬಿಡಬೇಡಿ. ಬಿಟ್ಟ ನಾಯಿ ಬೊಗಳಿ, ಅಟ್ಟಿಸಿಕೊಂಡು, ಕೊನೆಗೆ ನಿಮ್ಮ ಕಾಲಿಗೇ ಓಡಿಬರುತ್ತದೆ, ಅದರ ಹಿಂದೆ ಚಿರತೆಯೂ. ಹಗ್ಗ ಗಿಡ್ಡ ಮಾಡಿ, ನೆಟ್ಟಗೆ ನಿಂತು, ಜೋರಾಗಿ ಮಾತಾಡುತ್ತ, ಬೆನ್ನು ತೋರಿಸದೆ ಹಿಂದಕ್ಕೆ ಹೆಜ್ಜೆ ಹಾಕಿ. ಕಬ್ಬು ಕಡಿಯುವಾಗ ಮರಿ ಕಂಡರೆ ಮುಟ್ಟದೆ ಎಲ್ಲರೂ ದೂರ ಸರಿದು ಅರಣ್ಯ ಇಲಾಖೆಗೆ ತಿಳಿಸಿ. ತಾಯಿ ರಾತ್ರಿ ಹುಡುಕಿಕೊಂಡು ಬರುತ್ತದೆ.

ಪ್ರಶ್ನೆ: ವಾಕಿಂಗ್ ಆದ ಮೇಲೆ ನಾಯಿ ಕಾಲು ನೆಕ್ಕುತ್ತಲೇ ಇರುತ್ತದೆ, ಒಮ್ಮೊಮ್ಮೆ ತಲೆ ಒದರುತ್ತದೆ. ಉಣ್ಣೆ ಹುಳು ಇರಬಹುದೇ? ಚಳಿಗಾಲದಲ್ಲಿ ಉಣ್ಣೆ ಇರುವುದಿಲ್ಲ ಅಂತಾರಲ್ಲ?
(ಪಾಂಡವಪುರ)

ಉತ್ತರ: ಚಳಿಗೆ ಸಾಯುವಷ್ಟು ನಮ್ಮ ಉಣ್ಣೆ ಮೆದುವಲ್ಲ, ಇಲ್ಲಿನ ಚಳಿ ಅಂಥ ಚಳಿಯೂ ಅಲ್ಲ. ಆದರೆ ನೀವು ಹೇಳುವ ಲಕ್ಷಣಕ್ಕೆ ಮೊದಲ ಅನುಮಾನ ಊಬಿನ ಮೇಲೆ. ಮಳೆ ನಿಂತು ಹುಲ್ಲೆಲ್ಲ ಒಣಗಿ ತೆನೆ ಉದುರುವ ಕಾಲ ಇದು. ಊಬಿನ ಬುಡ ಸೂಜಿ, ಅದರ ಮೇಲೆ ಹಿಮ್ಮುಖವಾದ ರೋಮ, ಹಿಂದೆ ಹುರಿ ಹಾಕಿದ ಬಾಲ. ಒದ್ದೆಯಾದಾಗ ಹುರಿ ಬಿಚ್ಚುತ್ತದೆ, ಒಣಗಿದಾಗ ಸುತ್ತಿಕೊಳ್ಳುತ್ತದೆ. ಮಂಜು, ಬಿಸಿಲು, ನಾಯಿಯ ಜೊಲ್ಲು ಎಲ್ಲ ಸೇರಿ ಅದನ್ನು ಬೈರಿಗೆಯಂತೆ ತಿರುಗಿಸುತ್ತವೆ. ಹಿಮ್ಮುಖ ರೋಮ ಇರುವುದರಿಂದ ಒಳಗೆ ಹೋಗುವುದೇ ಹೊರತು ಹಿಂದೆ ಬರುವುದಿಲ್ಲ. ಬೆರಳ ಸಂದಿಯಲ್ಲಿ ಎರಡು ದಿನ ಬಿಟ್ಟರೆ ಕೀವು ಕಟ್ಟುತ್ತದೆ.

ಮನೆಗೆ ಬಂದ ಕೂಡಲೇ, ನೀರು ಹಾಕುವ ಮುಂಚೆ, ಒಣಗಿದ್ದಾಗಲೇ ನೋಡಿ. ನಾಲ್ಕೂ ಪಾದದ ಬೆರಳು ಅಗಲಿಸಿ ಮೇಲೆ ಕೆಳಗೆ ಎರಡೂ ಕಡೆ, ಆಮೇಲೆ ಕಂಕುಳು, ಕಿವಿಯ ಮಡಿಕೆ, ಕೊರಳ ಪಟ್ಟಿಯ ಅಡಿ, ಬಾಲದ ಬುಡ. ಉತ್ತರಾಣಿ ಬೀಜ ಬಾಚಣಿಗೆಗೆ ಬರುತ್ತದೆ. ನೆಗ್ಗಿಲು ಮುಳ್ಳನ್ನು ಚಿಮಟದಿಂದ ನೇರ ಎಳೆಯಿರಿ. ತಲೆಯನ್ನು ಒಂದೇ ಕಡೆ ವಾಲಿಸಿ ಒದರುತ್ತಿದ್ದರೆ ಊಬು ಕಿವಿಯೊಳಗೆ ಇಳಿದಿದೆ: ಎಣ್ಣೆ ಬಿಡಬೇಡಿ, ಬಡ್ಸ್ ತೂರಿಸಬೇಡಿ, ಅಂದೇ ಪಶುವೈದ್ಯರಲ್ಲಿಗೆ ಹೋಗಿ. ತಮಟೆ ಹರಿದ ಮೇಲೆ ಹೋಗಿ ಪ್ರಯೋಜನ ಕಡಿಮೆ.

ಉಣ್ಣೆ ಸಿಕ್ಕರೆ ಸೀಮೆಎಣ್ಣೆ, ಬೀಡಿ ಬೆಂಕಿ ಯಾವುದೂ ಬೇಡ, ಕೆರಳಿದ ಉಣ್ಣೆ ಹೀರಿದ್ದನ್ನು ಗಾಯದೊಳಗೇ ಕಕ್ಕಬಹುದು. ಚಿಮಟವನ್ನು ಚರ್ಮಕ್ಕೆ ತಾಗಿಸಿ, ಮೂತಿಯ ಹತ್ತಿರ ಹಿಡಿದು, ತಿರುಚದೆ ನಿಧಾನವಾಗಿ ಮೇಲಕ್ಕೆ ಎಳೆದು ಸ್ಪಿರಿಟ್ ಬಾಟಲಿಗೆ ಹಾಕಿ. ಉಗುರಲ್ಲಿ ಕುಕ್ಕಬೇಡಿ. ಹೊಟ್ಟೆ ತುಂಬಿದ ಹೆಣ್ಣು ಉಣ್ಣೆ ಗೋಡೆಯ ಬಿರುಕು ಸೇರಿ ಸಾವಿರಾರು ಮೊಟ್ಟೆ ಇಡುವುದರಿಂದ ನಾಯಿ ಮಲಗುವ ಜಾಗದ ಬಿರುಕನ್ನೂ ಮುಚ್ಚಿಸಿ. ಔಷಧ ನಾಯಿಯ ತೂಕದ ಲೆಕ್ಕಕ್ಕೆ ಇರಬೇಕು. ಹಸುವಿಗೆ ತಂದದ್ದನ್ನು ಅಂದಾಜಿನ ಮೇಲೆ ಬೆರೆಸಿ ಮೀಯಿಸುವ ಅಭ್ಯಾಸ ನಮ್ಮ ಕಡೆ ಇದೆ, ಅದನ್ನು ಬಿಟ್ಟುಬಿಡಿ. ಮನೆಯಲ್ಲಿ ಬೆಕ್ಕಿದ್ದರೆ ಪರ್ಮೆಥ್ರಿನ್ ಇರುವ ಔಷಧವನ್ನು ನಾಯಿಗೂ ಹಾಕಬೇಡಿ, ಬೆಕ್ಕಿಗೆ ಅದು ವಿಷ.

ಊಟ ಬಿಟ್ಟು, ಮೈ ಬಿಸಿಯಾಗಿ (103 ಡಿಗ್ರಿ ಫ್ಯಾರನ್‌ಹೀಟ್ ಮೇಲೆ), ಒಸಡು ಬಿಳಿಚಿ, ಹೊಟ್ಟೆಯ ಮೇಲೆ ಕೆಂಪು ಚುಕ್ಕಿ ಕಂಡರೆ ಉಣ್ಣೆ ಜ್ವರದ ರಕ್ತಪರೀಕ್ಷೆ ಮಾಡಿಸಿ. ಮಾತ್ರೆ ಸಾಮಾನ್ಯವಾಗಿ 28 ದಿನ. ನಾಲ್ಕನೇ ದಿನ ಊಟ ಮಾಡಿತು ಅಂತ ನಿಲ್ಲಿಸಿದರೆ ಜ್ವರ ಮರುಕಳಿಸುತ್ತದೆ.

ಪ್ರಶ್ನೆ: ಗದ್ದೆ ಬದುವಿನಲ್ಲಿ ಸಿಕ್ಕಿದ್ದೆಲ್ಲ ಬಾಯಿಗೆ ಹಾಕುತ್ತದೆ. ಹಾವಿನ ಭಯವೂ ಇದೆ. ಏನು ಮಾಡಲಿ?
(ಮದ್ದೂರು)

ಉತ್ತರ: ಮೊದಲು ಬಾಯಿಗೆ ಬಲೆಯಂಥ ಕುಕ್ಕೆ (ಮಜಲ್) ಹಾಕಿ, ಉಸಿರಾಡಲು, ನೀರು ಕುಡಿಯಲು ಆಗುವಂಥದ್ದು. ಕೊಯ್ಲಿನ ಗದ್ದೆಯಲ್ಲಿ ಇಲಿಗೆ ಇಡುವ ಬೂದುಗಪ್ಪು ಪಾಷಾಣ ಜಿಂಕ್ ಫಾಸ್ಫೈಡ್ ಆಗಿರಬಹುದು. ಹೊಟ್ಟೆಯ ಆಮ್ಲಕ್ಕೆ ಸೇರಿದರೆ ಅದು ವಿಷಾನಿಲ ಬಿಡುತ್ತದೆ. ತಿಂದಿದೆ ಅನ್ನಿಸಿದರೆ ಹಾಲು, ಮೊಟ್ಟೆ, ಅನ್ನ ಏನನ್ನೂ ಕೊಡಬೇಡಿ, ಊಟ ಬಿದ್ದರೆ ಆಮ್ಲ ಹೆಚ್ಚಿ ಅನಿಲವೂ ಹೆಚ್ಚುತ್ತದೆ. ಕಾರಿನ ಕಿಟಕಿ ತೆರೆದಿಟ್ಟೇ ಆಸ್ಪತ್ರೆಗೆ ಕರೆದೊಯ್ಯಿರಿ, ನಾಯಿ ಕಕ್ಕಿದರೆ ಆ ಗಾಳಿ ನಿಮಗೂ ಕೆಟ್ಟದ್ದು. ಕಾಡುಹಂದಿಗೆ ಹಿಟ್ಟಿನುಂಡೆಯಲ್ಲಿ ಇಡುವ ಸಿಡಿಮದ್ದು ಇನ್ನೂ ಘೋರ, ಕಚ್ಚಿದರೆ ದವಡೆಯೇ ಹೋಗುತ್ತದೆ.

ಹಾವು ಚಳಿಗಾಲದಲ್ಲಿ ಮಲಗಿರುತ್ತದೆ ಅನ್ನುವುದು ನಮ್ಮ ಸೀಮೆಗೆ ಹೊಂದದ ಮಾತು. ಕೊಳಕುಮಂಡಲ ಕೂಡುವ ಕಾಲ ಇದೇ, ಬೆಳಗಿನ ಬಿಸಿಲಿಗೆ ಬದುವಿನ ಮೇಲೆ ಸುರುಳಿ ಸುತ್ತಿ ಬಿದ್ದಿರುತ್ತದೆ. ಕುಕ್ಕರ್ ಸೀಟಿಯಂಥ ಬುಸುಗುಟ್ಟುವಿಕೆ ಕೇಳಿದರೆ ನಿಂತಲ್ಲೇ ಹಗ್ಗ ಎಳೆದುಕೊಳ್ಳಿ. ನಾಯಿಗೆ ಹೆಚ್ಚಾಗಿ ಕಚ್ಚುವುದು ಮುಖಕ್ಕೆ, ಮುಂಗಾಲಿಗೆ. ಕೊಯ್ಯುವುದು, ಕಟ್ಟುವುದು ಬೇಡ. ಮುಖ ಊದುವ ಮುಂಚೆ ಕೊರಳ ಪಟ್ಟಿ ಬಿಚ್ಚಿ, ನಡೆಸದೆ ಎತ್ತಿಕೊಂಡು ಹೋಗಿ. ಮನುಷ್ಯರಿಗೆ ಕೊಡುವ ವಿಷನಿರೋಧಕ ಚುಚ್ಚುಮದ್ದೇ ನಾಯಿಗೂ ಆಗುತ್ತದೆ. ಅದು ಯಾವ ಪಶು ಆಸ್ಪತ್ರೆಯಲ್ಲಿ ಇದೆ ಎಂದು ಫೋನ್ ಮಾಡಿ ಈಗಲೇ ಕೇಳಿಟ್ಟುಕೊಳ್ಳಿ.

ಪ್ರಶ್ನೆ: ನಾಯಿಗೆ ಸ್ವೆಟರ್ ಬೇಕೇ?
(ಕುವೆಂಪುನಗರ, ಮೈಸೂರು)

ಉತ್ತರ: 14–15 ಡಿಗ್ರಿಗೆ ಬೇಡ. ಮರಿ, ಮುದಿ ನಾಯಿ, ಮುಧೋಳದಂಥ ತೆಳು ಮೈಯವು ನಡುಗುತ್ತಿದ್ದರೆ ಮಾತ್ರ ಹಾಕಿ, ಬಿಸಿಲು ಏರಿದ ತಕ್ಷಣ ತೆಗೆಯಿರಿ.

ಪ್ರಶ್ನೆ: ಭಾನುವಾರ ಕೊಕ್ಕರೆ ಬೆಳ್ಳೂರಿಗೆ ನಾಯಿಯನ್ನೂ ಕರೆದೊಯ್ಯಬಹುದೇ?
(ಮಂಡ್ಯ)

ಉತ್ತರ: ಬೇಡ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಅಲ್ಲಿ ಊರೊಳಗಿನ ಹುಣಸೆ, ಅರಳಿ ಮರಗಳಲ್ಲೇ ಗೂಡು ಕಟ್ಟುತ್ತವೆ. ಹಾರಲು ಬಾರದ ಮರಿಗಳು ಬೀದಿಗೆ ಬೀಳುವುದುಂಟು. ರಂಗನತಿಟ್ಟು 1940ರಿಂದಲೂ ಪಕ್ಷಿಧಾಮ, ಅಲ್ಲಿಗೂ ನಾಯಿ ಸಲ್ಲದು, ಕಾರಂಜಿ ಕೆರೆಗೂ ಅಷ್ಟೇ. ಭಾನುವಾರ ಬೆಳಿಗ್ಗೆ ನಾಯಿಯನ್ನು ನಿಮ್ಮ ಮಾಮೂಲು ಬದುವಿನಲ್ಲಿ ಒಂದು ಗಂಟೆ ಮೂಸಲು ಬಿಟ್ಟು, ನೀರು ಕುಡಿಸಿ, ಮನೆಯಲ್ಲಿ ಮಲಗಿಸಿ ಹೊರಡಿ.